ಎರಡು ಪಾಯಿಂಟ್ ಒಂದು

“ಗಾಳಿ ಎರಡು ಪಾಯಿಂಟ್ ಒಂದು. ಕ್ಷಮಿಸಿ, ನಿಮ್ಮ ಸಮಯ ಲೆಕ್ಕಕ್ಕಿಲ್ಲ.”

ಜರ್ಮನಿಯ ಕಾಸೆಲ್ ಮೈದಾನದಲ್ಲಿ ವೀಬ್ಕೆ ನೂರು ಮೀಟರನ್ನು ತನ್ನ ಜೀವಮಾನದಲ್ಲೇ ಅತಿ ವೇಗವಾಗಿ ಓಡಿದ್ದಳು. ಆದರೆ ಸಮಯ ಲೆಕ್ಕಕ್ಕೆ ಬರಬೇಕಾದರೆ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ ಎರಡು ಮೀಟರ್ ದಾಟಬಾರದು. ದಾಟಿದ್ದು ಕೂದಲೆಳೆಯಷ್ಟು. ಒಲಿಂಪಿಕ್ಸ್ ಕೈತಪ್ಪಿತು.

“ಎರಡು ಅಂತ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದು ರೇಗಿದಳು.

“ಯಂತ್ರ ತೋರಿಸಿದ್ದನ್ನ ಬರೆದೆ. ನೀವು ಚೆನ್ನಾಗಿ ಓಡಿದ್ರಿ,” ಎಂದ ಗಾಳಿ ಅಳೆಯುವ ಟೊರ್ಬೆನ್.

ನೀವಂತೆ, ನೀವು! ಎಂಬತ್ತು ವಯಸ್ಸಿನ ಕೋಚನ್ನೂ ‘ನೀನು’ ಎನ್ನುವ ಓಟಗಾರರ ಕ್ಲಬ್ಬು ಅದು. ಇವನೊಬ್ಬ ಮಾತ್ರ ಬ್ಯಾಂಕಿನ ಗುಮಾಸ್ತನ ಹಾಗೆ...

ಮರುವರ್ಷ ಅವಳ ತೊಡೆಯ ಸ್ನಾಯು ಹರಿಯಿತು. ಒಂದು ಭಾನುವಾರವೂ ತಪ್ಪದೆ ನೋಡಲು ಬಂದವನು ಅದೇ ಟೊರ್ಬೆನ್. ಕೈಯಲ್ಲಿ ತಾನೇ ಬೇಯಿಸಿದ, ತಳ ಸೀದ ಪ್ಲಮ್ ಕೇಕು. “ನಿಮ್ಮ ಕಾಲು ಹೇಗಿದೆ?” ಎನ್ನುವನು. ಕೇಕು ತಿನ್ನುತ್ತ ತಿನ್ನುತ್ತ ಅವಳ ಕೋಪ ಕರಗಿತು. ಭಾನುವಾರ ಯಾಕೆ ವಾರಕ್ಕೊಂದೇ ಎನಿಸತೊಡಗಿತು.

ಕ್ಲಬ್ಬಿನ ಹಬ್ಬದ ದಿನ ಸೇಬಿನ ರಸದ ಲೋಟ ಎತ್ತಿ, ‘ನೀನು’ ಎನ್ನಲು ಹೆಣ್ಣೇ ಮೊದಲು ಒಪ್ಪಿಗೆ ಕೊಡಬೇಕೆಂಬ ಅಲ್ಲಿನ ಪದ್ಧತಿಯಂತೆ ಅವಳೇ ಕೇಳಿದಳು. “ಇನ್ನು ನೀವು-ಗೀವು ಸಾಕು. ನನ್ನನ್ನ ನೀನು ಅನ್ನು.”

ಅವನ ಕಿವಿ ಕೆಂಪಾಯಿತು. “ಬೇಡ. ನೀವು ಅಂತಲೇ ಇರಲಿ.”

ಕೊಟ್ಟ ‘ನೀನು’ವನ್ನು ಹಿಂದಿರುಗಿಸುವುದೆಂದರೆ ಆ ನಾಡಿನಲ್ಲಿ ಮುಖಕ್ಕೆ ಬಾಗಿಲು ಹಾಕಿದಂತೆ. ನಾನು ಇವನಿಗೆ ಯಾರೂ ಅಲ್ಲ... ವೀಬ್ಕೆಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚು ನೋವಾಯಿತು. ಐದು ವರ್ಷ ಅವನತ್ತ ತಿರುಗಿ ನೋಡಲಿಲ್ಲ.

ಮೂವತ್ತಮೂರನೇ ವಯಸ್ಸಿಗೆ ಅವಳ ಕೊನೆಯ ಓಟ. ಐದನೇ ಸ್ಥಾನ. ಶೂ ಬಿಚ್ಚುತ್ತ ಕುಳಿತಿದ್ದಾಗ ಟೊರ್ಬೆನ್ ತೋಳಿನ ಅಧಿಕಾರಿಪಟ್ಟಿ ಕಳಚುತ್ತ ಬಂದು ನಿಂತ.

“ಗಾಳಿ ಒಂದು ಪಾಯಿಂಟ್ ನಾಲ್ಕು. ನಿಮ್ಮ ಸಮಯ ಲೆಕ್ಕಕ್ಕಿದೆ.”

“ಇದ್ದು ಏನು ಬಂತು? ಇವತ್ತಿಗೆ ಮುಗೀತು.”

“ಇನ್ನು ಓಡಲ್ವಾ? ಖಂಡಿತಾ?”

“ಖಂಡಿತಾ. ನಿನಗ್ಯಾಕೆ ಅದು?”

“ಆವತ್ತು ನಿಮ್ಮನ್ನ ‘ನೀನು’ ಅಂದುಬಿಟ್ಟಿದ್ರೆ, ಮುಂದಿನ ಸಲ ಎರಡು ಪಾಯಿಂಟ್ ಒಂದು ಬಂದಾಗ ನನ್ನ ಕೈ ಎರಡು ಅಂತ ಬರೀತಿತ್ತು. ನಿಮ್ಮ ಗೆಲುವಿಗೆ ಆ ಕಳಂಕ ಬೇಡ ಅಂತ...”

ವೀಬ್ಕೆಯ ಕೈಯಲ್ಲಿ ಶೂ ಹಾಗೇ ಉಳಿಯಿತು. ಐದು ವರ್ಷ ಸುಮ್ಮನೆ ಸಿಟ್ಟಾಗಿದ್ದಳು.

ಅವನು ಅಧಿಕಾರಿಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿದ. “ವೀಬ್ಕೆ... ನೀನು... ಸಾಸೇಜ್ ತಿಂತೀಯಾ?”

“ಇಷ್ಟು ವರ್ಷ ಕಾದದ್ದು ಸಾಸೇಜ್‌ಗಾ?”

“ಅಲ್ಲ. ‘ತಿಂತೀಯಾ’ ಅನ್ನೋಕೆ.”

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದು ಎದ್ದಳು.

“ಇನ್ನೊಂದ್ಸಲ ಕೇಳು.”