ಹುರಿಗಡಲೆಯ ಪ್ರಸಾದ

"ಪ್ರಸಾದ ಎಲ್ಲೇ ಅನಸೂಯಾ?" ಪಕ್ಕದ ಮನೆ ಮುನಿನಾರಾಯಣಮ್ಮ ಬಾಗಿಲಲ್ಲೇ ನಿಂತು ಕೈಯೊಡ್ಡಿದಳು.

ಅನಸೂಯಾ ಬಾಗಿಲಿಗೆ ಅಡ್ಡ ನಿಂತಳು. ಬೆಳಿಗ್ಗೆ ಕೊಳಾಯಿ ಹತ್ತಿರ, "ನಿಮ್ಮಮ್ಮ ಯಾಕೆ ತಲೆ ಮೇಲಿನ ಸೆರಗು ತೆಗಿಯಲ್ಲ?" ಎಂದು ಮುನಿನಾರಾಯಣಮ್ಮನೇ ಕೇಳಿದ್ದಳು. "ತಿರುಪತೀಲಿ ಮುಡಿ ಕೊಟ್ಟವ್ಳೆ," ಎಂದು ಅನಸೂಯಾ ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದಳು. ಮುಡಿ ಕೊಟ್ಟು ಬಂದವರು ಬೀದಿಗೆಲ್ಲ ಲಾಡು ಹಂಚಬೇಕು ಎಂಬುದು ಆಗ ಹೊಳೆದೇ ಇರಲಿಲ್ಲ.

ನಿಜ ಬೇರೆಯೇ ಇತ್ತು. ಅಮ್ಮನಿಗೆ ಕ್ಯಾನ್ಸರ್. ಮದರಾಸಿನ ಆಸ್ಪತ್ರೆಯಲ್ಲಿ ಹಾಕಿದ ಸೂಜಿಯಿಂದ ಕೂದಲು ಉದುರಿತ್ತು. ಒಗ್ಗರಣೆ ವಾಸನೆ ಬಂದರೆ ಸಾಕು, ಹಿತ್ತಲಿಗೆ ಓಡಿ ವಾಂತಿ ಮಾಡುತ್ತಿದ್ದಳು. "ಮುಂದಿನ ಸೂಜಿಗೆ ನಾನು ಓಗಲ್ಲ," ಎಂದು ಅಪ್ಪನಿಗೆ ಹೇಳಿಯೂ ಆಗಿತ್ತು. ಹೋಗದಿದ್ದರೆ ಏನಾಗುತ್ತದೆ ಎಂದು ಅನಸೂಯಾಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿತ್ತು, ತುಂಬ ಭಯವಾಗುತ್ತಿತ್ತು.

ಒಳಗೆ ಓಡಿ, ಹುರಿಗಡಲೆ ಪುಡಿಗೆ ಬೆಲ್ಲ ಕಲಸಿ ಉಂಡೆ ಕಟ್ಟಿ ತಂದಳು. ಮುನಿನಾರಾಯಣಮ್ಮ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು.

"ತಿಮ್ಮಪ್ಪನ ಲಾಡು ರುಚೀನೇ ಬೇರೆ ಬಿಡು."

ಹೋದವಳು ಸುಮ್ಮನಿರಲಿಲ್ಲ. ಚಿನ್ನದ ಗಣಿಯ ಕಾಲೋನಿ ಚಾಂಪಿಯನ್ ರೀಫ್ಸಿನ ಆ ಲೈನುಮನೆಗಳ ಹೆಂಗಸರನ್ನೆಲ್ಲ ಕಳಿಸಿದಳು. ಏನೋ ರೋಗವಿದೆ, ಅಂಟೀತೆಂದು ನಿನ್ನೆಯವರೆಗೆ ಬಿಂದಿಗೆ ದೂರ ಇಟ್ಟವರೆಲ್ಲ ಈಗ ಅಮ್ಮನ ಪಕ್ಕದಲ್ಲೇ ಕೂತರು. ಉಂಡೆ ತಿಂದರು, ಬುದ್ಧಿ ಹೇಳಿದರು. ಒಬ್ಬಳು ಕಾಲು ಸೂಪು ಕುಡಿ ಎಂದಳು. ಇನ್ನೊಬ್ಬಳು ಬಿಸಿಬಿಸಿ ಮುದ್ದೆ ನುಂಗು ಎಂದಳು. ಬಿಟ್ಟಿ ಬುದ್ಧಿಗೆ ನಮ್ಮಲ್ಲಿ ಯಾವತ್ತು ಬರಗಾಲ? ಸೂಪಿನ ಹೆಸರು ಕೇಳಿಯೇ ಅಮ್ಮ ಹಿತ್ತಲಿಗೆ ಓಡಿದಳು.

ಕೊನೆಗೆ ಬಂದವಳು ಮಾರಿಯಮ್ಮ. ಪಕ್ಕದ ಗಣಿ ಮೈಸೂರು ಮೈನ್ಸಿನಿಂದ ಇದೇ ಲೈನಿನ ತಂಗಿಯ ಮನೆಗೆ ಬಂದಿದ್ದಳು. ಉಂಡೆ ಕೈಯಲ್ಲೇ ಹಿಡಿದು, ಅಮ್ಮನ ಮುಖವನ್ನೇ ನೋಡಿದಳು. ಉಳಿದವರು ಉಂಡೆ ನೋಡಿದ್ದರೇ ಹೊರತು ಮುಖ ನೋಡಿರಲಿಲ್ಲ.

"ತಿರುಪತೀಲಿ ಹುಬ್ಬೂ ಬೋಳಿಸ್ತಾರಾ ಕನಕಮ್ಮಾ?"

ಅಮ್ಮ ತಲೆ ತಗ್ಗಿಸಿದಳು. ಅನಸೂಯಾಗೆ ನೆಲ ಬಿರಿಯಬಾರದೇ ಎನಿಸಿತು.

ಮಾರಿಯಮ್ಮ ಹೆಬ್ಬೆರಳು ಒದ್ದೆ ಮಾಡಿಕೊಂಡು ತನ್ನ ಹುಬ್ಬನ್ನು ಉಜ್ಜಿದಳು. ಹುಬ್ಬು ಅಳಿಸಿಯೇ ಹೋಯಿತು. ಬೆರಳಿನ ತುಂಬ ಕಾಡಿಗೆ.

"ನಂಗೂ ಮದರಾಸಿನ ಸೂಜೀನೇ," ಎಂದಳು.

ಅಮ್ಮ ಹತ್ತಿರ ಸರಿದಳು. "ವಾಂತಿ?"

"ಬತ್ತದೆ. ಬಿಸೀದು ತಿನ್ಬೇಡ, ವಾಸ್ನೆ ಏಳ್ತದೆ. ಆರಿದ ಮೊಸರನ್ನ ಒಂದೊಂದೇ ತುತ್ತು ತಿನ್ನು. ಬೆಳಿಗ್ಗೆ ಏಳಕ್ಕೆ ಮುಂಚೆ ಒಣ ರೊಟ್ಟಿ ಚೂರು ಕಚ್ಚು. ಒಗ್ಗರಣೆ ಆಕೋವಾಗ ಆಚೆ ಬಂದು ಕೂತ್ಕೋ."

"ಅಳು ಬಂದ್ರೆ?"

"ಒಬ್ಳೇ ಅಳಬೇಡ. ನಮ್ಮನೆಗೆ ವಾಮ್ಮಾ, ಬಾ, ಇಬ್ರೂ ಅಳಾನ."

ಅಮ್ಮ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ, ಅನಸೂಯಾಗೆ ಅಳುವೇ ಬಂತು.

"ನಾನು ಸೋಮ್ವಾರ ಓಗ್ಬೇಕು," ಮಾರಿಯಮ್ಮ ಮೆಲ್ಲಗೆ ಹೇಳಿದಳು. "ಒಬ್ಳೇ ಓಗಕ್ಕೆ ನಂಗೂ ಭಯ."

ಅಮ್ಮ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದಳು. ಆಮೇಲೆ, "ಎಷ್ಟೊತ್ತಿನ ರೈಲು?" ಎಂದಳು.

ಸೋಮವಾರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸುಡುಬಿಸಿಲು. ಅಪ್ಪ ಟಿಕೆಟ್ ತರಲು ಹೋಗಿದ್ದ. ಬೆಂಚಿನ ಮೇಲೆ ಮಾರಿಯಮ್ಮ ಸೆರಗು ಕೆಳಗಿಳಿಸಿ ಗಾಳಿ ಹಾಕಿಕೊಂಡಳು. ಅವಳನ್ನು ನೋಡಿ ಅಮ್ಮನೂ ಇಳಿಸಿದಳು. ಎರಡು ಬೋಳು ತಲೆ ಬಿಸಿಲಿಗೆ ಮಿರಮಿರ ಮಿಂಚಿದವು.

ಎದುರು ಬೆಂಚಿನಲ್ಲಿದ್ದ ಸ್ಕೂಲ್ ಹುಡುಗಿಯರು ಕಿಸಕ್ಕೆಂದರು. ಅನಸೂಯಾಳ ಕೈ ತಟ್ಟನೆ ಅಮ್ಮನ ಸೆರಗಿಗೆ ಹೋಯಿತು.

ಅಮ್ಮನಿಗೆ ಅದರ ಕಡೆ ಗಮನವೇ ಇರಲಿಲ್ಲ. ಯಾರ ಡಬ್ಬಿಯ ಮೊಸರನ್ನ ಹುಳಿ ಎಂದು ಮಾರಿಯಮ್ಮನ ಜೊತೆ ಜಗಳಕ್ಕೆ ಇಳಿದಿದ್ದಳು. ಮಧ್ಯೆ ಮಧ್ಯೆ ಒಂದೊಂದು ತುತ್ತು ಒಳಗೂ ಹೋಗುತ್ತಿತ್ತು.

ಸೆರಗು ಈಗ ಬೇಕಾಗಿರುವುದು ಅಮ್ಮನಿಗಲ್ಲ, ತನಗೆ ಎಂದು ಅನಸೂಯಾಗೆ ಅನಿಸಿತು. ಹಿಡಿದದ್ದನ್ನು ಮೆಲ್ಲಗೆ ಬಿಟ್ಟು, ಅಮ್ಮನಿಗೆ ಒತ್ತಿಕೊಂಡು ಕೂತಳು. ಎದುರಿನ ಹುಡುಗಿಯರು ಮುಖ ತಿರುಗಿಸುವವರೆಗೂ ಅವರನ್ನೇ ನೋಡಿದಳು.