ಗಾಳಿಯಲ್ಲಿ ಬರೆದ ಎಂಟನೆಯ ಜಾವ

ಗಡಿಯಾರಗಳಿಗೆ ಇನ್ನೂ ಮುಳ್ಳು ಮೂಡಿರದ ಕಾಲ. ಹೊಳಲಗಿರಿ ಎಂಬ ರಾಜ್ಯ. ಅಲ್ಲಿಯವರು ಹಗಲನ್ನು ಎಂಟು ಜಾವಗಳಾಗಿ ಹಂಚಿಕೊಂಡಿದ್ದರು. ಏಳು ಜಾವ ದುಡಿಮೆಗೆ, ಎಂಟನೆಯದು ಬಿಡುಗಡೆಗೆ. ಪ್ರತಿ ಜಾವಕ್ಕೂ ಚೌಕದ ಗೋಡೆಯ ಮೇಲೆ ಸುಣ್ಣದಲ್ಲಿ ಅಂಕಿ ಬರೆಯುವರು. ನೆರೆದವರು ಅದನ್ನು ಕಂಡು ಒಕ್ಕೊರಲಿನಿಂದ ಕೂಗುವರು. ಕಂಡು ಕೂಗದ ಜಾವ ಜಾವವೇ ಅಲ್ಲ. ಇದು ಆ ರಾಜ್ಯದ ಕಟ್ಟಳೆ. ರಾಜನೂ ಇದಕ್ಕೆ ಹೊರತಲ್ಲ.

ಆ ರಾಜ್ಯಕ್ಕೆ ಧೂಮಾಸ್ಯನೆಂಬ ಮಾಂತ್ರಿಕ ಬಂದನು. ಅವನ ಮೈಯೆಲ್ಲ ಹೊಗೆ, ಕೈಕಾಲುಗಳಿಲ್ಲ. ಅವನು ಕಲಿತದ್ದು ಒಂದೇ ವಿದ್ಯೆ: ಊದಿ ಅಳಿಸುವುದು. ಮೊದಲು ಹೊಗೆ ಊದಿ ಆಕಾಶದಿಂದ ಸೂರ್ಯನನ್ನು ಅಳಿಸಿದನು. ಬಳಿಕ ಗೋಡೆಯಿಂದ ಎಂಟನ್ನು, ೮ ಎಂಬ ಅಂಕಿಯನ್ನು, ಅಳಿಸಿದನು. ಎಂಟು ಮೂಡದ ಮೇಲೆ ಬಿಡುಗಡೆ ಎಲ್ಲಿಯದು? ಏಳು ಮುಗಿದೊಡನೆ ಮತ್ತೆ ಒಂದು. ಒಕ್ಕಲಿಗ ನೊಗ ಇಳಿಸಲಿಲ್ಲ. ಕಮ್ಮಾರ ಸುತ್ತಿಗೆ ಇಳಿಸಲಿಲ್ಲ. ರಾಜನು ಸಿಂಹಾಸನದಿಂದ ಇಳಿಯಲಿಲ್ಲ, ಕುಳಿತಲ್ಲೇ ತೂಕಡಿಸಿದನು. ಜನರ ಬೆವರಿನ ಹಬೆಯನ್ನು ಕುಡಿದು ಮಾಂತ್ರಿಕ ಕೊಬ್ಬಿದನು.

ಗೋಡೆಯ ಮೇಲೆ ಅಂಕಿ ಬರೆಯುತ್ತಿದ್ದವನು ಜಾವಗಾರ ಹಂಪಣ್ಣ. ಅಳಿಸಿದ ಎಂಟನ್ನು ಅವನು ಮತ್ತೆ ಬರೆದನು. ಮತ್ತೆ ಅಳಿಯಿತು, ಮತ್ತೆ ಬರೆದನು. ಮಾಂತ್ರಿಕ ಸಿಟ್ಟಾಗಿ ಅವನ ಪಾದಗಳ ಮೇಲೆ ಊದಿದನು. ಪಾದಗಳ ಚಲನೆ ಅಳಿದು ಅವು ಕಲ್ಲಾದವು, ಅವನು ಚೌಕದಲ್ಲೇ ನೆಟ್ಟು ನಿಂತನು.

"ಎಂಟು ಕಾಣದ ಪ್ರತಿ ಹಗಲಿಗೂ ಕಲ್ಲು ಮೇಲೇರಲಿ," ಎಂದನು ಧೂಮಾಸ್ಯ. "ಬಾಯಿಯನ್ನು ಮುಟ್ಟಿದ ದಿನ ನೀನು ಪೂರ್ತಿ ನನ್ನವನು."

ಹಂಪಣ್ಣನಿಗೆ ಒಬ್ಬಳೇ ತಂಗಿ, ನೀಲಾಜಿ. ರಾಟೆ ತಿರುಗಿಸಿ ನೂಲು ತೆಗೆಯುವವಳು. ಅಣ್ಣನ ಗಳಿಗೆಬಟ್ಟಲು ಅವಳ ಬಳಿಯಲ್ಲಿತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ನೀರಿನಲ್ಲಿ ತೇಲಿಬಿಟ್ಟರೆ ಒಂದು ಜಾವಕ್ಕೆ ಸರಿಯಾಗಿ ಮುಳುಗುವುದು. ಎಂಟನೆಯ ಜಾವ ಯಾವಾಗ ಬಂತೆಂದು ಅವಳಿಗೆ ಗೊತ್ತು. ಗೊತ್ತಿದ್ದು ಫಲವೇನು? ಅವಳು ಹಲಗೆಯ ಮೇಲೆ ಬರೆದಳು, ಅಳಿಯಿತು. ಬಟ್ಟೆಯಲ್ಲಿ ನೇಯ್ದಳು, ನೂಲು ಉಳಿಯಿತು, ಅಂಕಿ ಅಳಿಯಿತು.

ಒಂದು ದಿನ ಅವಳು ಒಲೆಯಿಂದ ಕೊಳ್ಳಿ ಹಿರಿದಳು. ಅದು ಆರದಿರಲೆಂದು ಗರಗರನೆ ತಿರುಗಿಸಿದಳು. ಕಣ್ಣ ಮುಂದೆ ಬೆಂಕಿಯ ಉಂಗುರ ಮೂಡಿತು. ಕೈ ನಿಲ್ಲಿಸಿದಳು, ಉಂಗುರವಿಲ್ಲ. ಮತ್ತೆ ತಿರುಗಿಸಿದಳು, ಉಂಗುರವಿದೆ. ನೀಲಾಜಿ ಬಹಳ ಹೊತ್ತು ಯೋಚಿಸಿದಳು. ಕೊಳ್ಳಿ ಒಂದೇ. ಉಂಗುರ ಕೊಳ್ಳಿಯಲ್ಲಿಲ್ಲ, ಗಾಳಿಯಲ್ಲೂ ಇಲ್ಲ. ಕಂಡದ್ದನ್ನು ಕಣ್ಣು ಒಡನೆ ಬಿಟ್ಟುಕೊಡುವುದಿಲ್ಲ. ಉಂಗುರ ಇರುವುದು ಅಲ್ಲಿ. ಕಣ್ಣಿನ ಹೊರಗೆ ಎಲ್ಲಿಯೂ ಇಲ್ಲದ ಬರಹವನ್ನು ಆ ಹೊಗೆಮೋರೆಯವನು ಹೇಗೆ ಅಳಿಸಿಯಾನು?

ಅವಳು ರಾಟೆಯನ್ನು ಬಿಚ್ಚಿದಳು. ಅದರ ಅಚ್ಚಿಗೆ ಬಿದಿರಿನ ಪಟ್ಟಿಯೊಂದನ್ನು ಕಟ್ಟಿದಳು. ಪಟ್ಟಿಯ ಮೇಲೆ ಸಾಲಾಗಿ ಬೆಳಕು ಬೇಕು. ಹೇಳಿದಾಗ ಹೊತ್ತಿ ಹೇಳಿದಾಗ ಆರುವ ಬೆಳಕು. ಅದನ್ನು ಅರಸಿ ಹೊಂಗೆಯ ಪೊಟರೆಗೆ, ಮಿಂಚುಹುಳುಗಳ ರಾಣಿಯ ಬಳಿಗೆ ಹೋದಳು.

"ನನ್ನವರನ್ನು ಕೊಡುವೆ. ನೀನೇನು ಕೊಡುವೆ?" ಎಂದಳು ರಾಣಿ.

"ಕೇಳಿ, ತಾಯಿ."

"ನಿನ್ನ ಮನೆಯ ದೀಪ ಕೊಡು. ಕೆಲಸ ಮುಗಿಯುವವರೆಗೆ ಕತ್ತಲಲ್ಲೇ ಇರು."

ನೀಲಾಜಿ ಒಪ್ಪಿದಳು. ಕತ್ತಲಲ್ಲಿ ಕುಳಿತು ಹುಳುಗಳಿಗೆ ಪಾಠ ಹೇಳಿದಳು. ಹೊತ್ತಿಕೊಳ್ಳುವುದನ್ನು ಅವು ಬೇಗ ಕಲಿತವು. ತಕ್ಕ ಕ್ಷಣಕ್ಕೆ ಆರುವುದನ್ನು ಕಲಿಯಲು ತಡವಾಯಿತು. ಅಂಕಿಯ ಅರ್ಧವನ್ನು ಬರೆಯುವುದು ಕತ್ತಲೆ ಎಂಬುದು ಆಗ ಅವಳಿಗೆ ತಿಳಿಯಿತು. ಕಲ್ಲು ಅಣ್ಣನ ಮೊಣಕಾಲು ದಾಟಿತು.

ಹುಳುಗಳು ಪಟ್ಟಿಯ ಒಂದು ಬದಿಯಲ್ಲಿ ಸಾಲಾಗಿ ಕುಳಿತವು, ಪಟ್ಟಿ ತಿರುಗಿತು. ತಿರುಗಿದ್ದೇ ರಾಟೆ ಕುಣಿದು ಮೂಲೆಗೆ ಉರುಳಿತು. ಅವಳು ಕೆರೆಗೆ ಹೋದಳು. ಅಲ್ಲಿ ಹುಟ್ಟಿದಂದಿನಿಂದ ಒಂಟಿಕಾಲಲ್ಲಿ ನಿಂತಿರುವ ಮಾತಿನ ಕೊಕ್ಕರೆಯಿತ್ತು.

"ನನ್ನ ಗುಟ್ಟು ಕೊಡುವೆ. ನೀನೇನು ಕೊಡುವೆ?" ಎಂದಿತು ಕೊಕ್ಕರೆ.

"ಕೇಳು, ಅಜ್ಜ."

"ನಾನು ನಿದ್ದೆ ಮಾಡಿ ಏಳುವವರೆಗೆ ನನ್ನಂತೆ ನಿಲ್ಲು."

ಅವಳು ಒಂಟಿಕಾಲಲ್ಲಿ ನಿಂತಳು. ಬಿದ್ದಳು. ಎದ್ದಳು. ಮತ್ತೆ ಬಿದ್ದಳು. ಕೊನೆಗೆ ಎಡಕ್ಕೆ ವಾಲಿದಾಗ ಬಲಗೈ ಚಾಚಿದಳು, ನಿಂತಳು.

ಕೊಕ್ಕರೆ ಒಂದು ಕಣ್ಣು ತೆರೆಯಿತು. "ಇಷ್ಟು ಹೊತ್ತು ಬೇಕಾಯಿತೇ, ಮಗಳೇ? ನಿನ್ನ ಪಟ್ಟಿಗೂ ಇನ್ನೊಂದು ಕೈ ಕೊಡು."

ಅವಳು ಪಟ್ಟಿಯ ಬರಿದಾದ ತುದಿಗೆ ಬೆಣಚುಕಲ್ಲು ಕಟ್ಟಿದಳು. ಹೆಚ್ಚಾಯಿತು, ತೇದಳು. ಕಡಿಮೆಯಾಯಿತು, ಬೇರೆ ಕಟ್ಟಿದಳು. ರಾಟೆ ಅಲುಗದೆ ತಿರುಗಿತು. ಕಲ್ಲು ಅಣ್ಣನ ಎದೆಗೆ ಏರಿತು.

ಈಗ ಅಂಕಿ ಮೂಡಿತು. ಆದರೆ ಒಂದೆಡೆ ನಿಲ್ಲಲಿಲ್ಲ. ಒಮ್ಮೆ ಮೇಲೆ, ಒಮ್ಮೆ ಪಕ್ಕಕ್ಕೆ, ಒಮ್ಮೆ ತಲೆಕೆಳಗು. ಎಲ್ಲಿಂದ ಬರೆಯತೊಡಗಬೇಕೆಂದು ಹುಳುಗಳಿಗೆ ತಿಳಿಯದು. ಅವಳು ಸೂಜಿಗಲ್ಲಿನ ಗವಿಗೆ ಹೋದಳು. ಅಲ್ಲಿ ಕಾವಲಿಗೆ ಕಬ್ಬಿಣದ ಹೆಬ್ಬಾವು ತನ್ನ ಬಾಲವನ್ನೇ ಕಚ್ಚಿಕೊಂಡು ಸುತ್ತಿ ಮಲಗಿತ್ತು.

"ಸೂಜಿಗಲ್ಲು ಕೊಡುವೆ. ನೀನೇನು ಕೊಡುವೆ?" ಎಂದಿತು ಹಾವು.

"ಕೇಳು, ನಾಗಪ್ಪ."

"ಉತ್ತರ ಕೊಡು. ಸುತ್ತಿನ ಆರಂಭ ಎಲ್ಲಿ?"

ನೀಲಾಜಿ ಹಾವಿನ ಸುತ್ತಲೂ ನಡೆದಳು. ಮತ್ತೆ ನಡೆದಳು. ಹೊರಟ ಜಾಗ ಯಾವುದೆಂದು ಅವಳಿಗೇ ಮರೆಯಿತು. ಆಗ ಕಾಲಿನ ಮೆಟ್ಟನ್ನು ಕಳಚಿ ನೆಲದ ಮೇಲಿಟ್ಟಳು.

"ಸುತ್ತಿನಲ್ಲಿ ಆರಂಭವಿಲ್ಲ. ಗುರುತು ಇಟ್ಟಲ್ಲೇ ಆರಂಭ," ಎಂದಳು.

ಹಾವು ಬಾಲ ಬಿಟ್ಟಿತು. ಅವಳು ಸೂಜಿಗಲ್ಲನ್ನು ರಾಟೆಯ ಬುಡಕ್ಕೆ, ಕಬ್ಬಿಣದ ಚೂರನ್ನು ಪಟ್ಟಿಯ ತುದಿಗೆ ಕೂರಿಸಿದಳು. ಪಟ್ಟಿ ಬುಡವನ್ನು ಹಾಯುವಾಗಲೆಲ್ಲ ಸೂಜಿಗಲ್ಲು ಮೆಲ್ಲಗೆ ಸೆಳೆಯುವುದು. ಆ ಸೆಳೆತಕ್ಕೆ ಹುಳುಗಳು ಮೊದಲಿನಿಂದ ಬರೆಯುವವು. ಅಂಕಿ ನಿಂತಿತು. ನೀಲಾಜಿ ತನ್ನ ಮಣೆಯ ಮೇಲೆ ಕುಳಿತು, ರಾಟೆಯನ್ನು ಬಲಸುತ್ತಾಗಿ ತಿರುಗಿಸಿ ನೋಡಿದಳು. ಹೊಳಲಗಿರಿಯಲ್ಲಿ ಎಲ್ಲವನ್ನೂ ಬಲಕ್ಕೇ ತಿರುಗಿಸುವರು. ಬೀಸುವ ಕಲ್ಲನ್ನೂ, ಗಾಣವನ್ನೂ. ಎಡಸುತ್ತು ಅಮಂಗಳ. ಎಂಟು ಚೊಕ್ಕವಾಗಿ ಮೂಡಿತು.

ಮರುದಿನ ಬಟ್ಟಲು ಏಳನೆಯ ಬಾರಿ ಮುಳುಗುವ ಹೊತ್ತಿಗೆ ಅವಳು ರಾಟೆಯನ್ನು ಚೌಕಕ್ಕೆ ತಂದಳು. ಕಲ್ಲು ಅಣ್ಣನ ಗದ್ದಕ್ಕೆ ಬಂದಿತ್ತು. ಬಟ್ಟಲು ಮುಳುಗಿತು. ಅವಳು ನೆರೆದ ಜನರತ್ತ ಮುಖ ಮಾಡಿ ರಾಟೆಯ ಹಿಂದೆ ನಿಂತು ತಿರುಗಿಸಿದಳು.

ಧೂಮಾಸ್ಯ ಹಾರಿ ಬಂದು ಊದಿದನು. ಏನೂ ಅಳಿಯಲಿಲ್ಲ. ಒಂದೊಂದು ಹುಳುವಿನ ಮೇಲೂ ಊದಿದನು. ಹುಳುವಿನಲ್ಲಿ ಕಿಡಿಯಿತ್ತು, ಅಂಕಿಯಿರಲಿಲ್ಲ. ಬಿದಿರಿನಲ್ಲಿ ಹುಡುಕಿದನು, ಅಲ್ಲಿಯೂ ಇಲ್ಲ. ಅವನು ಮೊದಲ ಬಾರಿಗೆ ಹೆದರಿದನು.

ಆದರೆ ಜನ ಕೂಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಗಾಣದ ಸಂಕವ್ವ ಕಣ್ಣು ಕಿರಿದು ಮಾಡಿದಳು.

"ಏನೇ ನೀಲಾಜಿ, ಇದು ಅಂಕಿಯೋ ಜಿಲೇಬಿಯೋ?"

"ಎಂಟು, ಸಂಕವ್ವ! ಕಾಣುವುದಿಲ್ಲವೇ?"

"ಕಂಡರೆ ಕೂಗುವುದಿಲ್ಲವೇನೇ? ನಮಗೇನು ಮನೆಗೆ ಹೋಗುವ ಆಸೆಯಿಲ್ಲವೇ? ಕಾಣದ್ದನ್ನು ಕಂಡೆನೆಂದು ಕೂಗಲಾರೆವು."

ಮಾಂತ್ರಿಕ ಗಹಗಹಿಸಿದನು. ಕಲ್ಲು ಹಂಪಣ್ಣನ ಕೆಳತುಟಿಯನ್ನು ಸವರಿತು. ಅವನು ಉಳಿದ ಉಸಿರಿನಲ್ಲಿ ಹೇಳಿದನು:

"ತಂಗೀ, ಅಲ್ಲಿಂದ ನೋಡಬೇಡ. ಇಲ್ಲಿಗೆ ಬಾ."

ರಾಟೆ ತನ್ನ ಓಟದಲ್ಲೇ ತಿರುಗುತ್ತಿತ್ತು. ನೀಲಾಜಿ ಅದನ್ನು ಬಿಟ್ಟು ಓಡಿಬಂದು ಅಣ್ಣನ ಪಕ್ಕದಲ್ಲಿ ನಿಂತಳು. ಜನ ನಿಂತ ಕಡೆ. ನೋಡಿದಳು. ಕನ್ನಡಿಯಲ್ಲಿ ಕಂಡಂತೆ ೮ ಹಿಂದುಮುಂದಾಗಿತ್ತು. ಇಷ್ಟು ದಿನ ಅವಳು ತನ್ನ ಮಣೆಯಿಂದ, ತನ್ನ ಕಣ್ಣಿಗಾಗಿ ಬರೆದಿದ್ದಳು. ಅವಳ ಬಲ ಇವರಿಗೆ ಎಡ.

ಅವಳು ಹಿಂದಕ್ಕೆ ಓಡಿದಳು. ರಾಟೆಯನ್ನು ಹಿಡಿದು ನಿಲ್ಲಿಸಿ ಎಡಕ್ಕೆ ತಿರುಗಿಸಿದಳು.

"ಅಯ್ಯೋ, ಎಡಸುತ್ತು! ಕೇಡುಗಾಲ ತರುತ್ತೀಯೇನೇ?" ಎಂದು ಜನ ಕಣ್ಣು ಮುಚ್ಚಿಕೊಂಡರು.

"ಎಡಸುತ್ತು ನನಗೆ. ನೀವು ನಿಂತಲ್ಲಿಂದ ನೋಡಿ, ಹೇಳಿ!" ಎಂದಳು ನೀಲಾಜಿ.

ಅವರು ನೋಡಿದರು. ಅವರ ಕಡೆಯಿಂದ ಅದು ಬಲಸುತ್ತೇ. ಕಪ್ಪು ಗಾಳಿಯ ನಡುವೆ, ಹಸುರು ಬೆಳಕಿನಲ್ಲಿ, ಅಲುಗದೆ ನಿಂತಿತ್ತು ಅಂಕಿ.

"ಎಂಟು," ಎಂದಳು ಸಂಕವ್ವ ಮೆಲ್ಲಗೆ. ಬಳಿಕ ಗಂಟಲು ಹರಿಯುವಂತೆ: "ಎಂಟು ಕಣ್ರೋ! ಎಂಟು!"

ಚೌಕವೆಲ್ಲ ಒಕ್ಕೊರಲಿನಿಂದ ಕೂಗಿತು. ಅಂಕಿಯನ್ನು ಅಳಿಸಲು ಧೂಮಾಸ್ಯ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹಾರಿದನು. ಕಣ್ಣುಗಳು ಅಷ್ಟೊಂದಿದ್ದವು; ಅವನೊಬ್ಬನೇ. ಹಾರಿ ಹಾರಿ ತೆಳುವಾದನು. ತೆಳುವಾಗಿ ಹರಿದನು. ಹರಿದು ಇಲ್ಲವಾದನು. ಮೋಡದಂತಿದ್ದ ಹೊಗೆ ಸರಿದು, ಪಡುವಣದಲ್ಲಿ ಮುಳುಗಲು ಕಾದಿದ್ದ ಸೂರ್ಯ ಕಂಡನು. ಹಂಪಣ್ಣನ ಮೈಯಿಂದ ಕಲ್ಲು ಚಕ್ಕೆಚಕ್ಕೆಯಾಗಿ ಉದುರಿತು. ಅವನು ಮೊದಲು ಮಾಡಿದ್ದು ಆಕಳಿಕೆ. ಎರಡನೆಯದು, ತಂಗಿಯ ತಲೆ ಸವರಿದ್ದು.

ಒಕ್ಕಲಿಗ ನೊಗ ಇಳಿಸಿದನು. ಕಮ್ಮಾರ ಸುತ್ತಿಗೆ ಇಳಿಸಿದನು. ರಾಜನು ಸಿಂಹಾಸನದಿಂದ ಇಳಿದನು. ಕಾಲು ಜೋಮು ಹಿಡಿದು ಮಂತ್ರಿಯ ಮೇಲೆ ಬಿದ್ದನು, ಯಾರೂ ನಗಲಿಲ್ಲ, ಎಲ್ಲರಿಗೂ ನಿದ್ದೆ. ಅಂದಿನಿಂದ ಹೊಳಲಗಿರಿಯವರು ದುಡಿಯುವ ಹೊತ್ತಿಗೆ ದುಡಿದರು, ಉಣ್ಣುವ ಹೊತ್ತಿಗೆ ಉಂಡರು, ಮಲಗುವ ಹೊತ್ತಿಗೆ ಮಲಗಿದರು. ಸುಖವೆಂದು ಅವರು ಕರೆದದ್ದು ಅದನ್ನೇ. ಅದು ಅವರಿಗೆ ಬಹುಕಾಲ ಉಳಿಯಿತು.