ಒಗೆಯದ ರೇಷ್ಮೆ ಸೀರೆ

ಧಡ್!

ಹಿಂದಿನ ಕಾರು ಮತ್ತೆ ನನ್ನ ಬಂಪರಿಗೆ ಗುದ್ದಿತು. ಸ್ಯಾನ್ ಮಟಿಯೋ ದಾಟಿದ ಕೂಡಲೇ ಶುರುವಾದ ಆಟ! ಪಕ್ಕದ ಸೀಟಿನಲ್ಲಿ ಕಾಗದದ ಚೀಲ. ಅದರೊಳಗೆ ರೇಷ್ಮೆ ಸೀರೆ.

ಇನ್ನೊಂದು ಏಟಿಗೆ ನನ್ನ ಕಾರು ಫ್ರೀವೇ ಅಂಚಿಗೆ ಉಜ್ಜಿಕೊಂಡು ನಿಂತಿತು. ಓಡಿ ಬಂದವನು ಸುಮನ್... ಶಶಿಧರನ ಬಲಗೈ.

“ಚೀಲ ಕೊಡ್ರಿ ಮೇಡಂ!”

“ಕೊಡದಿದ್ರೆ?”

“ಮನಿಗೆ ಹೋಗೂದಿಲ್ಲ ನೀವು.”

ಅವನ ಜಾಕೆಟ್ಟಿನೊಳಗೆ ಪಿಸ್ತೂಲು. ಕೊಟ್ಟೆ.

ಬೈಬೇಡಿ, ಹಿಂದಿನದು ಕೇಳಿ.

ನಾನು ಶೈಲಜಾ. ಸರ್ಕಾರಿ ವಕೀಲರಿಗೆ ಸಾಕ್ಷ್ಯ ಹುಡುಕಿಕೊಡುವುದು ನನ್ನ ಕೆಲಸ. ಶಶಿಧರ ಒಂದು ಡಾಟ್‌ಕಾಮ್ ಕಂಪನಿಯ ಧಣಿ. ದೀಪಾವಳಿ ಪಾರ್ಟಿ ಮುಗಿದ ಮೇಲೆ, ತನ್ನಲ್ಲೇ ಕೆಲಸಕ್ಕಿದ್ದ ವಾಣಿಶ್ರೀಯ ಮೇಲೆ ಅತ್ಯಾಚಾರ ಮಾಡಿದ್ದ. ಕೋರ್ಟಿನಲ್ಲಿ ಮಾತ್ರ, “ಮುಟ್ಟೇ ಇಲ್ಲ!” ಅವಳೋ ಮನೆಗೆ ಬಂದವಳೇ ತಲೆ ಮೇಲೆ ನೀರು ಸುರಿದುಕೊಂಡಿದ್ದಳು. ಆಸ್ಪತ್ರೆಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

ತೀರ್ಪು ಹೇಳಬೇಕಾದ ಹನ್ನೆರಡು ಮಂದಿಯ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. ವಿಚಾರಣೆ ಮತ್ತೆ ಮೊದಲಿಂದ! ಒಬ್ಬ ಜ್ಯೂರರ್ ಹೊರಗೆ ಹೇಳಿದ, “ಹುಡುಗಿ ಸುಳ್ಳು ಹೇಳ್ತಿದ್ದಾಳೆ ಅನ್ಸಲಿಲ್ಲ. ಆದ್ರೆ ಡಿಎನ್ಎ ಎಲ್ಲಿ?”

ನನಗೆ ಮೈ ಉರಿದುಹೋಯಿತು.

ವಾಣಿಶ್ರೀ ಇದ್ದದ್ದು ತನ್ನ ದೊಡ್ಡಮ್ಮನ ಮಗಳು ಪ್ರಭಾಳ ಅಪಾರ್ಟ್‌ಮೆಂಟಿನಲ್ಲಿ. ಪ್ರಭಾ ಗ್ರೋಸರಿಗೆ ಹೋದ ಹೊತ್ತು ನೋಡಿ ಹೋದೆ.

“ಆ ರಾತ್ರಿ ಉಟ್ಟಿದ್ದೆಲ್ಲಾ ಒಗೆದುಬಿಟ್ಯಾ?”

“ಹೂಂ ಅಕ್ಕ. ಲಂಗ, ಬ್ಲೌಸು...”

“ಸೀರೆ?”

“ರೇಷ್ಮೆ ಸೀರೆ ಯಾರಾದ್ರೂ ಮಷೀನಿಗೆ ಹಾಕ್ತಾರಾ? ಗಾಳಿಗೆ ಹರವಿ, ಮಡಚಿ ಸೂಟ್‌ಕೇಸಲ್ಲಿಟ್ಟೆ. ಆಮೇಲೆ ಅದನ್ನ ನೋಡೋಕೇ ಆಗ್ಲಿಲ್ಲ.”

ಪೊಲೀಸರು “ಬಟ್ಟೆ ಒಗೆದ್ರಾ?” ಎಂದು ಕೇಳಿದ್ದರು. ಇವಳು ಹೌದೆಂದಿದ್ದಳು. ಅಷ್ಟಕ್ಕೇ ಮುಗಿದಿತ್ತು!

ಸಂಜೆ ಪ್ರಭಾಳಿಗೆ ಮೆಲ್ಲಗೆ ಹೇಳಿದೆ, “ಸೀರೆ ಸಿಕ್ತು. ನಾಳೆ ಬೆಳಿಗ್ಗೆ ನಾನೇ ಲ್ಯಾಬಿಗೆ ಒಯ್ತೀನಿ.”

ಹೇಳಿದ್ದು ಅವಳೊಬ್ಬಳಿಗೇ. ಅವಳ ಗಂಡನಿಗೆ ಕೆಲಸ ಶಶಿಧರನ ಕಂಪನಿಯಲ್ಲಿ. ನಮ್ಮ ಸುದ್ದಿಯೆಲ್ಲ ಶಶಿಧರನ ಕಡೆಯವರಿಗೆ ಮುಟ್ಟುತ್ತಿದ್ದದ್ದು ಇಲ್ಲಿಂದಲೇ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು.

ಈಗ ಸುಮನ್ ಚೀಲ ಬಿಚ್ಚುತ್ತಿದ್ದ.

“ಹುಷಾರಪ್ಪಾ, ಅದು ನನ್ನ ಸೀರೆ. ಡ್ರೈಕ್ಲೀನಿಗೆ ಒಯ್ತಿದ್ದೆ!”

“ಏನಂದ್ರಿ?”

“ಅವಳದ್ದನ್ನ ಡಿಟೆಕ್ಟಿವ್ ಬಂದು ನಿನ್ನೆಯೇ ಸೀಲು ಹಾಕಿ ಒಯ್ದ.”

ಹಿಂದೆ ಸೈರನ್ನು. ದೂರದಿಂದ ನನ್ನ ಬೆನ್ನಿಗಿದ್ದ ಪೊಲೀಸರು!

ಎರಡನೇ ವಿಚಾರಣೆಯಲ್ಲಿ ವಾಣಿಶ್ರೀ ಹೇಳಿದ್ದು ಹಿಂದಿನ ಮಾತನ್ನೇ. ಅವಳ ಬಳಿಕ ಲ್ಯಾಬಿನವನು ಬಂದ. ಸೀರೆಯ ಮೇಲಿನ ಕಲೆ ಶಶಿಧರನದೇ ಅಂದ. ಮರುದಿನ ಊಟದ ಹೊತ್ತಿಗೆ ಜ್ಯೂರಿ ಹೇಳಿತು... ತಪ್ಪಿತಸ್ಥ!

ಮೆಟ್ಟಿಲ ಮೇಲೆ ವಾಣಿಶ್ರೀ ಕೇಳಿದಳು, “ಅಕ್ಕ, ಸೀರೆನೂ ಒಗೆದಿದ್ರೆ?”

“ಈ ವರ್ಷನೂ ಅವನು ದೀಪಾವಳಿ ಪಾರ್ಟಿ ಕೊಡ್ತಿದ್ದ ಕಣೇ... ನಮ್ಮವರೆಲ್ಲ ಹೋಗಿ ಉಣ್ತಿದ್ರು!”